ತೆರೆದ ಗುಂಡಿ ಮತ್ತು ಒಡೆತನದ ಹೊಣೆ

ಒಬ್ಬನ ಜಾಗದಲ್ಲಿ ಇನ್ನೊಬ್ಬನು ಬಿದ್ದು ಗಾಯಗೊಂಡಾಗ ನ್ಯಾಯಾಲಯದ ಮುಂದೆ ಬರುವುದು ಪರಿಹಾರದ ಪ್ರಶ್ನೆ: ಯಾರು, ಯಾರಿಗೆ, ಎಷ್ಟು ಕೊಡಬೇಕು ಎಂಬುದು. ಆ ಲೆಕ್ಕಾಚಾರದ ತಳದಲ್ಲಿ ಅದಕ್ಕಿಂತ ಬಹಳ ಹಳೆಯದಾದ ಧರ್ಮಜಿಜ್ಞಾಸೆಯೊಂದಿದೆ. ನೆಲದ ತುಂಡೊಂದನ್ನು ತನ್ನದೆನ್ನುವವನು ಅದರ ಮೇಲೆ ಕಾಲಿಡುವ ಅಪರಿಚಿತನಿಗೆ ಋಣಿಯೇ, ಆಗಿದ್ದರೆ ಆ ಋಣ ಯಾರಾದರೂ ಬಿದ್ದ ಮೇಲೆ ಹುಟ್ಟುವುದೋ ಅಥವಾ ಯಾರೂ ಬೀಳುವ ಮೊದಲೇ ಇರುವುದೋ ಎಂಬುದೇ ಆ ಜಿಜ್ಞಾಸೆ. ಯಹೂದಿ ಧರ್ಮಶಾಸ್ತ್ರವು ಇದನ್ನು ಶತಮಾನಗಳ ಕಾಲ, ಒಂದು ತೆರೆದ ಗುಂಡಿಯನ್ನು ಮುಂದಿಟ್ಟುಕೊಂಡು ಚರ್ಚಿಸಿದೆ.

ಬೈಬಲಿನ ವಿಮೋಚನಕಾಂಡದ 21ನೆಯ ಅಧ್ಯಾಯದ ವಿಧಿಯ ಪ್ರಕಾರ, ಗುಂಡಿಯನ್ನು ತೋಡಿದವನು ಅಥವಾ ಇದ್ದ ಗುಂಡಿಯ ಬಾಯಿ ತೆರೆದವನು ಅದನ್ನು ಮುಚ್ಚದೆ ಬಿಟ್ಟು, ಎತ್ತೋ ಕತ್ತೆಯೋ ಅದರಲ್ಲಿ ಬಿದ್ದು ಸತ್ತರೆ, ಅದರ ಬೆಲೆಯನ್ನು ಅವನು ತೆರಬೇಕು. ಸುಮಾರು ಕ್ರಿ.ಶ. 200ರ ಹೊತ್ತಿಗೆ ಸಂಕಲನಗೊಂಡ ಮಿಶ್ನಾ ಎಂಬ ಧರ್ಮಸಂಹಿತೆಯು ಬಾವಾ ಕಾಮಾ ಎಂಬ ಭಾಗದಲ್ಲಿ ಹಾನಿಯ ನಾಲ್ಕು ಮೂಲಪ್ರಕಾರಗಳನ್ನು ಹೆಸರಿಸುವಾಗ ಎತ್ತು ಮತ್ತು ಬೆಂಕಿಯ ಜೊತೆಗೆ ಗುಂಡಿಯನ್ನೂ ಸೇರಿಸಿತು. ಹತ್ತು ಅಂಗೈ ಅಗಲದಷ್ಟು ಆಳವಿದ್ದರೆ ಗುಂಡಿಯು ಸಾವಿಗೆ ಸಾಕಾಗುವಂಥದ್ದು, ಅದಕ್ಕಿಂತ ಕಡಿಮೆಯಿದ್ದರೆ ಗಾಯಕ್ಕಷ್ಟೇ ಎಂದೂ ನಿರ್ಣಯಿಸಿತು. ಇಷ್ಟು ಸೂಕ್ಷ್ಮವಾದ ಈ ಶಾಸ್ತ್ರವು ಮುಂದಿಡುವ ಇನ್ನೊಂದು ನಿಯಮವನ್ನು ಇಂದಿನ ಓದುಗನು ನೋವಿಲ್ಲದೆ ಒಪ್ಪಲಾರ. ಎತ್ತು ಸತ್ತರೆ ಬೆಲೆ ಕೊಡಬೇಕಾದವನು, ಅದೇ ಗುಂಡಿಯಲ್ಲಿ ಹುಡುಗನೋ ಹುಡುಗಿಯೋ ಬಿದ್ದು ಸತ್ತರೆ ಪರಿಹಾರದ ಹೊಣೆಯಿಂದ ಮುಕ್ತನು. ಮೂಲವಚನ ಹೇಳಿದ್ದು ಎತ್ತನ್ನು, ಮನುಷ್ಯನನ್ನಲ್ಲ ಎಂಬುದು ಪಂಡಿತರು ಕೊಟ್ಟ ಕಾರಣ.

ಆದರೆ ಈ ವಿನಾಯಿತಿಯನ್ನು ಇನ್ನೊಂದು ವಿಧಿಯ ಪಕ್ಕದಲ್ಲಿಟ್ಟು ಓದಬೇಕು. ಧರ್ಮೋಪದೇಶಕಾಂಡದ 22ನೆಯ ಅಧ್ಯಾಯವು ಹೊಸ ಮನೆ ಕಟ್ಟುವವನು ಚಾವಣಿಯ ಸುತ್ತ ಕೈಪಿಡಿಗೋಡೆ ಎತ್ತಬೇಕೆಂದೂ, ಇಲ್ಲವಾದರೆ ಅಲ್ಲಿಂದ ಬಿದ್ದವನ ರಕ್ತದ ದೋಷ ಆ ಮನೆಗೆ ತಟ್ಟುತ್ತದೆಂದೂ ವಿಧಿಸುತ್ತದೆ. ಇಲ್ಲಿ ಬೆಲೆಯ ಮಾತೇ ಇಲ್ಲ, ಫಿರ್ಯಾದಿಯೂ ಇಲ್ಲ. ಇನ್ನೂ ಯಾರೂ ಬಿದ್ದಿಲ್ಲ. ಹನ್ನೆರಡನೆಯ ಶತಮಾನದ ತತ್ತ್ವಜ್ಞಾನಿ ಮೈಮೋನಿಡೀಸನು ತನ್ನ ಧರ್ಮಸಂಗ್ರಹದಲ್ಲಿ ಈ ವಿಧಿಯನ್ನು ಅಂಗಳದ ಬಾವಿಗೂ ವಿಸ್ತರಿಸಿ, ನೀರಿರಲಿ ಇಲ್ಲದಿರಲಿ ಬಾವಿಗೆ ಕಟ್ಟೆಯನ್ನಾಗಲಿ ಮುಚ್ಚಳವನ್ನಾಗಲಿ ಮಾಡಲೇಬೇಕೆಂದನು. ಅಪಾಯ ತನಗೆ ಮಾತ್ರ, ಬೇರೆಯವರಿಗೇನು ಎಂದು ವಾದಿಸುವವನನ್ನೂ ದಂಡನೆಗೆ ಅರ್ಹನೆಂದನು. ಎರಡನ್ನೂ ಒಟ್ಟಿಗೆ ನೋಡಿದಾಗ ಶಾಸ್ತ್ರದ ಒಳನೋಟ ಗೋಚರಿಸುತ್ತದೆ: ಎತ್ತಿನ ವಿಷಯದಲ್ಲಿ ಅದು ಬಿದ್ದ ಮೇಲಿನ ಲೆಕ್ಕವನ್ನು ಬರೆದಿದೆ, ಮನುಷ್ಯನ ವಿಷಯದಲ್ಲಿ ತನ್ನ ಭಾರವನ್ನೆಲ್ಲ ಬೀಳುವ ಮುಂಚಿನ ಕರ್ತವ್ಯದ ಮೇಲೆ ಹೊರಿಸಿದೆ. ಪರಿಹಾರವನ್ನು ನಿರಾಕರಿಸಿದ್ದನ್ನು ಇದು ಸಮರ್ಥಿಸುವುದಿಲ್ಲ, ಮಗುವನ್ನು ಕಳೆದುಕೊಂಡ ಮನೆಗೆ ಏನೂ ದೊರೆಯದಿರುವುದು ಅನ್ಯಾಯವೇ ಸರಿ. ಆದರೂ ಕಟ್ಟೆ ಕಟ್ಟುವ ಋಣಕ್ಕೆ ಋಣದಾತನ ಹೆಸರು ಬೇಕಿಲ್ಲ ಎಂಬ ತತ್ತ್ವ ಪರಿಹಾರದ ತತ್ತ್ವಕ್ಕಿಂತ ಆಳವಾದುದು.

ಈ ಹೊಣೆ ಒಡೆತನದಿಂದ ಬರುತ್ತದೆಯೇ ಎಂಬ ವಿಷಯದಲ್ಲಿ ತಾಲ್ಮುದ್, ಅಂದರೆ ಮಿಶ್ನಾದ ಮೇಲೆ ಬೆಳೆದ ಬೃಹತ್ ಚರ್ಚಾಗ್ರಂಥ, ಇಬ್ಬರು ಗುರುಗಳ ಭಿನ್ನಮತವನ್ನು ದಾಖಲಿಸುತ್ತದೆ. ರಬ್ಬಿ ಅಕೀವಾ ಅವರ ದೃಷ್ಟಿಯಲ್ಲಿ ಸುತ್ತಲಿನ ನೆಲವನ್ನು ಸಾರ್ವಜನಿಕರಿಗೆ ಬಿಟ್ಟುಕೊಟ್ಟು ಗುಂಡಿಯನ್ನು ಮಾತ್ರ ತನ್ನದಾಗಿ ಉಳಿಸಿಕೊಂಡವನೂ ಹೊಣೆಗಾರನು. ರಬ್ಬಿ ಇಷ್ಮಾಯೇಲರ ದೃಷ್ಟಿಯಲ್ಲಿ ಶಾಸ್ತ್ರ ಹೇಳುವ ಗುಂಡಿಯು ಯಾರದೂ ಅಲ್ಲದ ಸಾರ್ವಜನಿಕ ಸ್ಥಳದಲ್ಲಿರುವುದು, ಅದು ತೋಡಿದವನ ಸ್ವತ್ತಲ್ಲದಿದ್ದರೂ ಶಾಸ್ತ್ರವು ಅದನ್ನು ಅವನದೆಂಬಂತೆಯೇ ಎಣಿಸುತ್ತದೆ. ಇದೇ ಭಾಗದಲ್ಲಿ ಬರುವ ದೃಷ್ಟಾಂತವೊಂದು ಒಡೆತನದ ಅರ್ಥವನ್ನೇ ತಲೆಕೆಳಗು ಮಾಡುತ್ತದೆ. ತನ್ನ ಹೊಲದ ಕಲ್ಲುಗಳನ್ನು ಆರಿಸಿ ದಾರಿಗೆ ಎಸೆಯುತ್ತಿದ್ದವನನ್ನು ಕಂಡ ಸಾಧುವೊಬ್ಬನು, ನಿನ್ನದಲ್ಲದ ಜಾಗದಿಂದ ನಿನ್ನ ಜಾಗಕ್ಕೇಕೆ ಕಲ್ಲು ಹಾಕುತ್ತಿರುವೆ ಎಂದು ಕೇಳುತ್ತಾನೆ. ಆ ಮನುಷ್ಯ ಅವನನ್ನು ಹಾಸ್ಯ ಮಾಡುತ್ತಾನೆ. ಕಾಲಾನಂತರ ಹೊಲ ಮಾರಬೇಕಾಗಿ ಬಂದು, ಅದೇ ದಾರಿಯಲ್ಲಿ ನಡೆಯುವಾಗ ಆ ಕಲ್ಲುಗಳಿಗೇ ಎಡವಿದಾಗ ಸಾಧುವಿನ ಮಾತು ಅವನಿಗೆ ತಿಳಿಯುತ್ತದೆ. ಹೊಲ ಕೈಬದಲಾಗುವಂಥದ್ದು, ದಾರಿ ಮಾತ್ರ ಎಲ್ಲರದಾಗಿ ಉಳಿಯುವಂಥದ್ದು.

ಇಂಗ್ಲೆಂಡಿನ ನ್ಯಾಯಶಾಸ್ತ್ರವು ಬಹುಕಾಲ ಗುಂಡಿಯನ್ನಲ್ಲದೆ ಬಂದವನನ್ನು ನೋಡಿತು. ವ್ಯವಹಾರಕ್ಕಾಗಿ ಕರೆಸಿಕೊಂಡವನಿಗೆ ಹೆಚ್ಚು, ಬರಲು ಬಿಟ್ಟವನಿಗೆ ಕಡಿಮೆ, ಅನುಮತಿಯಿಲ್ಲದೆ ನುಗ್ಗಿದ ಅತಿಕ್ರಮಿಗೆ ಬಹುಮಟ್ಟಿಗೆ ಏನೂ ಇಲ್ಲ ಎಂಬ ಶ್ರೇಣಿಯನ್ನು ಅದು ನಿರ್ಮಿಸಿತು. ಸ್ಕಾಟ್ಲೆಂಡಿನ ಕಲ್ಲಿದ್ದಲು ಗಣಿಯೊಂದರ ಯಂತ್ರಕ್ಕೆ ಸಿಲುಕಿ ನಾಲ್ಕು ವರ್ಷದ ಮಗು ಸತ್ತಾಗ, ಆ ಬಯಲಿನಲ್ಲಿ ಮಕ್ಕಳು ಆಡುವುದು ಸಾಮಾನ್ಯವಾಗಿದ್ದರೂ, 1929ರಲ್ಲಿ ಆಗಿನ ಅತ್ಯುನ್ನತ ನ್ಯಾಯಪೀಠವಾದ ಹೌಸ್ ಆಫ್ ಲಾರ್ಡ್ಸ್ ಮಗುವನ್ನು ಅತಿಕ್ರಮಿಯೆಂದೇ ಎಣಿಸಿ ಪರಿಹಾರ ನಿರಾಕರಿಸಿತು. ಮೂರು ವರ್ಷಗಳ ನಂತರ, ಬೇರೊಂದು ಮೊಕದ್ದಮೆಯಲ್ಲಿ, ನ್ಯಾಯಾಧೀಶ ಲಾರ್ಡ್ ಆಟ್ಕಿನ್ ಲೂಕನ ಸುವಾರ್ತೆಯಲ್ಲಿ ನ್ಯಾಯಶಾಸ್ತ್ರಿಯೊಬ್ಬನು ಯೇಸುವಿಗೆ ಹಾಕಿದ, ನನ್ನ ನೆರೆಯವನು ಯಾರು ಎಂಬ ಪ್ರಶ್ನೆಯನ್ನೇ ಎತ್ತಿಕೊಂಡು, ನಮ್ಮ ಕೃತ್ಯದಿಂದ ಬಾಧೆಗೊಳಗಾಗಬಹುದೆಂದು ನಾವು ಮೊದಲೇ ಊಹಿಸಬೇಕಾದವರೆಲ್ಲ ಕಾನೂನಿನ ದೃಷ್ಟಿಯಲ್ಲಿ ನೆರೆಯವರು ಎಂಬ ಅರ್ಥದ ತೀರ್ಪು ಕೊಟ್ಟರು. ಆ ವಿಚಾರ ಅತಿಕ್ರಮಿಯಾದ ಮಗುವಿನವರೆಗೆ ತಲುಪಲು 1972 ಬರಬೇಕಾಯಿತು: ಮುರಿದ ಬೇಲಿಯ ಮೂಲಕ ವಿದ್ಯುತ್ ಹರಿಯುವ ರೈಲುಹಳಿಗೆ ಹೋಗಿ ಸುಟ್ಟುಕೊಂಡ ಆರು ವರ್ಷದ ಹುಡುಗನ ಮೊಕದ್ದಮೆಯಲ್ಲಿ, ಸಾಮಾನ್ಯ ಮಾನವೀಯತೆಯ ಕರ್ತವ್ಯವು ಅತಿಕ್ರಮಿಯ ಕಡೆಗೂ ಇದೆಯೆಂದು ಅದೇ ಹೌಸ್ ಆಫ್ ಲಾರ್ಡ್ಸ್ ಒಪ್ಪಿತು. 1984ರ ಅಧಿನಿಯಮ ಅದಕ್ಕೆ ಶಾಸನದ ರೂಪ ಕೊಟ್ಟಿತು.

ಕರ್ನಾಟಕದ ಒಣಭೂಮಿಯಲ್ಲಿ ಈ ಜಿಜ್ಞಾಸೆ ಪುಸ್ತಕದ ಮಾತಾಗಿ ಉಳಿದಿಲ್ಲ. ಒಂದು ಅಡಿಯೂ ಅಗಲವಿಲ್ಲದ, ನೂರಾರು ಅಡಿ ಆಳದ, ನೀರು ಬೀಳದ ಕೊಳವೆಬಾವಿಗಳಿಗೆ ಮಕ್ಕಳು ಬೀಳುತ್ತಲೇ ಬಂದಿದ್ದಾರೆ. 2010ರಲ್ಲಿ ಸುಪ್ರೀಂ ಕೋರ್ಟ್ ನೀಡಿದ ಮಾರ್ಗಸೂಚಿಗಳ ಪ್ರಕಾರ ಕೊರೆಯುವ 15 ದಿನ ಮೊದಲು ಸಂಬಂಧಿತ ಅಧಿಕಾರಿಗಳಿಗೆ ಲಿಖಿತ ಮಾಹಿತಿ ಕೊಡಬೇಕು, ಸುತ್ತ ಬೇಲಿ ಹಾಕಬೇಕು, ಕೇಸಿಂಗ್ ಪೈಪಿನ ಬಾಯಿಗೆ ಉಕ್ಕಿನ ಮುಚ್ಚಳ ಬೆಸೆಯಬೇಕು, ಕೈಬಿಟ್ಟ ಬಾವಿಯನ್ನು ತಳದಿಂದ ನೆಲಮಟ್ಟದವರೆಗೆ ತುಂಬಬೇಕು. ಇವೆಲ್ಲ ಕೈಪಿಡಿಗೋಡೆಯ ವಿಧಿಯ ಜಾತಿಗೇ ಸೇರಿದವು. 2024ರ ಏಪ್ರಿಲ್‌ನಲ್ಲಿ ವಿಜಯಪುರ ಜಿಲ್ಲೆಯ ಲಚ್ಯಾಣದಲ್ಲಿ ಸುಮಾರು 20 ಗಂಟೆಗಳ ಕಾರ್ಯಾಚರಣೆಯ ನಂತರ ಬದುಕಿ ಹೊರಬಂದ ಮಗು ಬಿದ್ದದ್ದು ತನ್ನ ಕುಟುಂಬದವರದೇ ಹೊಲದ ಕೊಳವೆಬಾವಿಗೆ. ಅಂಥಲ್ಲಿ ಯಾರು ಯಾರ ಮೇಲೆ ದಾವೆ ಹೂಡಬೇಕು? ಪರಿಹಾರದ ಕಾನೂನು ಅಲ್ಲಿ ಮೂಕವಾಗುತ್ತದೆ. ಮೈಮೋನಿಡೀಸನ ವಿಧಿ ಮೂಕವಾಗುವುದಿಲ್ಲ, ಏಕೆಂದರೆ ಅದು ಬೀಳುವವನು ಹೊರಗಿನವನೋ ಮನೆಯವನೋ ಎಂದು ಕೇಳುವುದೇ ಇಲ್ಲ.

ಹೊಣೆಯನ್ನು ರೈತನೊಬ್ಬನ ತಲೆಗೆ ಕಟ್ಟುವುದೂ ನ್ಯಾಯವಲ್ಲ. ಸಾಲ ಮಾಡಿ ಕೊರೆಸಿದ ಬಾವಿ ಒಣಗಿದಾಗ, ಹಾಕಿದ ಹಣದಲ್ಲಿ ಅಷ್ಟಾದರೂ ಉಳಿಯಲೆಂದು ಕೇಸಿಂಗ್ ಪೈಪನ್ನು ಮೇಲೆತ್ತಿ ಇನ್ನೊಂದು ಬಾವಿಗೆ ಬಳಸುವುದುಂಟು. ಪ್ರಾಚೀನ ವಿಧಿಯು ತೋಡಿದವನ ಜೊತೆಗೆ ತೆರೆದವನನ್ನೂ ಹೆಸರಿಸಿರುವುದರಿಂದ, ಪೈಪನ್ನು ಕಿತ್ತು ಬಾಯನ್ನು ಹಾಗೆಯೇ ಬಿಟ್ಟುಹೋಗುವ ಕೊರೆಯುವ ಯಂತ್ರದವನೂ, ಲಿಖಿತ ಮಾಹಿತಿ ಬಂದಮೇಲೂ ಸ್ಥಳಕ್ಕೆ ಹೋಗಿ ನೋಡದ ಅಧಿಕಾರಿಯೂ ಹೊಲದ ಒಡೆಯನಷ್ಟೇ ಆ ಗುಂಡಿಗೆ ಬಾಧ್ಯರು.