ತೊಟ್ಟಿಯ ಮೀನಿನ ಋಣ

ಮನೆಯ ಹಜಾರದಲ್ಲಿಟ್ಟ ಗಾಜಿನ ತೊಟ್ಟಿಯೊಳಗೆ ಬೆರಳುದ್ದದ ಮೀನೊಂದು ರೋಗದಿಂದ ಬಿದ್ದುಕೊಂಡರೆ ಅದಕ್ಕೆ ಚಿಕಿತ್ಸೆ ಮಾಡಬೇಕೆ, ಮಾಡುವುದಾದರೆ ಎಲ್ಲಿಯವರೆಗೆ, ಎಂಬ ಪ್ರಶ್ನೆಯನ್ನು ಇಂತಹ ಪತ್ರಿಕೆಯಲ್ಲಿ ಎತ್ತುವುದು ಕೆಲವರಿಗೆ ನಗೆಗೇಡೆಂದು ತೋರಬಹುದು. ನನಗೂ ಮೊದಲು ಹಾಗೆಯೇ ತೋರಿದ್ದಿತು. ಆದರೆ ಕಳೆದ ಬೇಸಗೆಯಲ್ಲಿ ನಮ್ಮ ಮನೆಯಲ್ಲಿಯೇ ಈ ಸಂದರ್ಭ ಒದಗಿ, ಧರ್ಮಾಧರ್ಮಗಳ ವಿಷಯದಲ್ಲಿ ಇತ್ಯರ್ಥವಾಗಿದೆಯೆಂದು ನಾನು ನಂಬಿದ್ದ ಒಂದೆರಡು ಮಾತುಗಳನ್ನು ಕದಡಿಬಿಟ್ಟಿತು.

ಆ ಮೀನು ಅಂಗಡಿಗಳಲ್ಲಿ ಕೋರಿಡೋರಸ್ ಎಂಬ ಹೆಸರಿನಿಂದ ಮಾರುವ ಜಾತಿಯದು. ದಕ್ಷಿಣ ಅಮೆರಿಕದ ಹೊಳೆತೊರೆಗಳು ಅದರ ಮೂಲಸ್ಥಾನ. ನಮ್ಮ ಕೆರೆಗಳ ಚೇಳುಮೀನಿನಂತೆಯೇ ಬಾಯಿಯ ಬಳಿ ಮೀಸೆಯುಳ್ಳ, ಕ್ಯಾಟ್‌ಫಿಷ್ ಎನಿಸಿಕೊಳ್ಳುವ ದೊಡ್ಡ ಬಳಗಕ್ಕೆ ಸೇರಿದುದು. ಅದರ ಮೈಯ ಎರಡು ಪಕ್ಕಗಳಲ್ಲಿಯೂ ಎಲುಬಿನ ತಗಡುಗಳು ಕವಚದಂತೆ ಸಾಲಾಗಿ ಜೋಡಿಸಿಕೊಂಡಿರುತ್ತವೆ. ತಳದ ಮರಳನ್ನು ಮೀಸೆಯಿಂದ ತಡವುತ್ತ ಆಹಾರವನ್ನು ಹುಡುಕುವುದು ಅದರ ವೃತ್ತಿ. ನಡುನಡುವೆ ಥಟ್ಟನೆ ಮೇಲಕ್ಕೆ ಚಿಮ್ಮಿ, ಒಂದು ಗುಟುಕು ಗಾಳಿಯನ್ನು ನುಂಗಿ, ಕರುಳಿನ ಮೂಲಕ ಪ್ರಾಣವಾಯುವನ್ನು ಹೀರಿಕೊಳ್ಳುತ್ತದೆ. ಗುಂಪಿಲ್ಲದೆ ಸುಖಪಡದ ಪ್ರಾಣಿ. ನಮ್ಮಲ್ಲಿದ್ದ ಆರರಲ್ಲಿ ಒಂದು, ಉಳಿದವುಗಳಿಂದ ಅಗಲಿ ಮೂಲೆಯನ್ನು ಹಿಡಿದು ಕುಳಿತಿತು. ಬಾಯಿಯ ಸುತ್ತ ಅರಳೆ ಅಂಟಿದಂತೆ ಬಿಳುಪು. ಎಡಗಡೆಯ ಮೀಸೆ ಸವೆದು ಮೊಂಡಾಗಿದ್ದಿತು.

ಅಂಗಡಿಯವನು ಒಂದೇ ಉಸಿರಿನಲ್ಲಿ ಎರಡು ಸಲಹೆಗಳನ್ನು ಕೊಟ್ಟನು. "ಇನ್ನೊಂದು ಮೀನು ತಗೊಂಡು ಹೋಗಿ ಸ್ವಾಮಿ, ಔಷಧಕ್ಕಿಂತ ಅಗ್ಗ. ಬೇಡವೆಂದರೆ ಈ ಪುಡಿಯನ್ನು ತೊಟ್ಟಿಗೆ ಸುರಿಯಿರಿ." ಪುಡಿ ಯಾವುದೆಂದರೆ, ಮನುಷ್ಯರಿಗೆ ವೈದ್ಯರ ಚೀಟಿಯಿಲ್ಲದೆ ಕೊಡಬಾರದ ಬಗೆಯ ಪ್ರತಿಜೈವಿಕ. ಈ ಎರಡು ಸಲಹೆಗಳು ಒಂದಕ್ಕೊಂದು ವಿರುದ್ಧವಾಗಿ ಕಂಡರೂ ಅವುಗಳ ಬೇರು ಒಂದೇ. ಆ ಮೀನಿಗೆ ಏನಾಗಿದೆಯೆಂದು ತಿಳಿಯುವ ಶ್ರಮ ಎರಡರಲ್ಲಿಯೂ ಇಲ್ಲ.

ಬೆಲೆಯ ಲೆಕ್ಕವನ್ನು ಮೊದಲು ನೋಡೋಣ. ತೊಟ್ಟಿಯಲ್ಲಿ ಆರು ಮೀನಿರಬೇಕೆಂಬುದಷ್ಟೇ ನನ್ನ ಅಪೇಕ್ಷೆಯಾದರೆ ಐದಕ್ಕೆ ಒಂದನ್ನು ಕೂಡಿಸಿ ಪೂರೈಸಬಹುದು. ಆದರೆ ಮೂಲೆಯಲ್ಲಿ ಏದುತ್ತಿರುವುದರ ಸಂಕಟ ಹೊಸದನ್ನು ತಂದುದರಿಂದ ಶಮನವಾಗದು. ಮೀನಿಗೆ ನೋವೆಲ್ಲಿಯದು ಎನ್ನುವವರುಂಟು. 2003ರಲ್ಲಿ ಲಿನ್ ಸ್ನೆಡನ್ ಎಂಬ ವಿದುಷಿಯೂ ಅವರ ಸಹೋದ್ಯೋಗಿಗಳೂ ಟ್ರೌಟ್ ಮೀನುಗಳ ತುಟಿಗೆ ಜೇನ್ನೊಣದ ವಿಷವನ್ನೋ ಅಸೆಟಿಕ್ ಆಮ್ಲವನ್ನೋ ಚುಚ್ಚಿ ಪರೀಕ್ಷಿಸಿದರು. ಮೀನುಗಳು ಬಹಳ ಹೊತ್ತು ಆಹಾರವನ್ನು ಮುಟ್ಟದೆ ಮೈಯನ್ನು ಅತ್ತಿತ್ತ ತೂಗಿದುವು. ಆಮ್ಲ ಸೋಕಿದವು ತುಟಿಯನ್ನು ತಳದ ಕಲ್ಲಿಗೆ ಉಜ್ಜಿಕೊಂಡುವು. ಇದನ್ನು ನೋವೆನ್ನಬಹುದೆ ಎಂಬ ವಾದ ಪಂಡಿತರಲ್ಲಿ ಇನ್ನೂ ಮುಗಿದಿಲ್ಲ. ಸಂಶಯವಿರುವಲ್ಲಿ ಮೂಕಪ್ರಾಣಿಯ ಪಕ್ಷವನ್ನು ಹಿಡಿಯುವುದೇ ಲೇಸೆಂದು ನನಗೆ ತೋರುತ್ತದೆ.

ಇಲ್ಲಿ ಒಂದು ಆಕ್ಷೇಪಣೆ ಏಳುತ್ತದೆ. ಪೇಟೆಯಲ್ಲಿ ಬುಟ್ಟಿಗಟ್ಟಲೆ ಮೀನು ಅಡಿಗೆಗೆ ಹೋಗುತ್ತಿರಲು, ಒಂದು ಮೀನಿಗೆ ಶುಶ್ರೂಷೆ ಮಾಡುವುದು ಆತ್ಮವಂಚನೆಯಲ್ಲವೆ? ಮೀನೆಂಬ ಜಾತಿಯ ಮೇಲಿನ ಕರುಣೆಯಿಂದ ನಾನು ಹೊರಟಿದ್ದರೆ ಈ ಪ್ರಶ್ನೆಗೆ ನನ್ನಲ್ಲಿ ಉತ್ತರವಿಲ್ಲ. ಆದರೆ ಇದು ಕರುಣೆಯ ಮಾತಿಗಿಂತ ಹೆಚ್ಚಾಗಿ ಋಣದ ಮಾತು. ಹೊಳೆಯ ಮೀನು ನೀರು ಕೆಟ್ಟಲ್ಲಿಂದ ಸರಿದುಹೋಗಬಲ್ಲುದು. ತೊಟ್ಟಿಯ ಮೀನು ಸರಿಯಲಾರದು. ಬಾಗಿಲಿಗೆ ಬೀಗ ಹಾಕಿದವನೇ ಒಳಗಿನವರಿಗೆ ಅನ್ನನೀರನ್ನು ಒದಗಿಸಲು ಬಾಧ್ಯನಷ್ಟೆ. ಲಂಡನ್ನಿನ ರಸಾಯನಜ್ಞ ರಾಬರ್ಟ್ ವಾರಿಂಗ್ಟನ್ ಎರಡು ಹೊಂಬಣ್ಣದ ಮೀನುಗಳನ್ನು ನೀರುಸಸ್ಯದೊಡನೆ ಗಾಜಿನ ಪಾತ್ರೆಯಲ್ಲಿಟ್ಟು, ಕೊಳೆತ ಎಲೆಗಳು ನೀರನ್ನು ಕೆಡಿಸಲು ತೊಡಗಿದಾಗ ಬಸವನಹುಳುಗಳನ್ನು ಬಿಟ್ಟು ಸರಿಪಡಿಸಿದುದನ್ನು 1850ರಲ್ಲಿ ಪ್ರಕಟಿಸಿದನು. ಮನೆಯೊಳಗಿನ ತೊಟ್ಟಿಗಳ ಚರಿತ್ರೆಯ ಮೊದಲ ಪುಟಗಳಲ್ಲಿಯೇ ಕಾಣುವುದು ಇದು: ಸೆರೆಯಲ್ಲಿಟ್ಟವನು ನೀರಿಗೆ ಹೊಣೆಗಾರ. ನಮ್ಮ ತೊಟ್ಟಿಯಲ್ಲಾದರೋ ತಳದ ಕಸವನ್ನು ತಿಂಗಳಿಗೂ ಮೇಲೆ ಯಾರೂ ತೆಗೆದಿರಲಿಲ್ಲ. ಯಾರೂ ಎಂದರೆ ನಾನು.

ಸಾಲ ನನ್ನದೆಂದು ಒಪ್ಪಿದಮೇಲೆ ಪುಡಿಯನ್ನು ಸುರಿದು ತೀರಿಸಬಹುದಲ್ಲವೆ? ಮೀನುಗಾರಿಕೆಯ ಶಾಸ್ತ್ರವನ್ನು ಓದಿದ ಮಿತ್ರರೊಬ್ಬರು ನನ್ನನ್ನು ತಡೆದರು. ಬಿಳಿಯ ಅರಳೆಯಂತಹುದು ಬೂಷ್ಟಾಗಿರಬಹುದು. ಬೂಷ್ಟಿನಂತೆಯೇ ತೋರುವ ಬ್ಯಾಕ್ಟೀರಿಯದ ರೋಗವೂ ಆಗಿರಬಹುದು. ಎರಡನೆಯದನ್ನು 1922ರಲ್ಲಿ ಅಮೆರಿಕದ ಡೇವಿಸ್ ಎಂಬವನು ಮಿಸಿಸಿಪ್ಪಿ ನದಿಯ ಮೀನುಗಳಲ್ಲಿ ಕಂಡು ವರ್ಣಿಸಿದನು. ಸೂಕ್ಷ್ಮದರ್ಶಕದಲ್ಲಿ ಆ ಜೀವಿಗಳು ಕಂಬಗಳಂತೆ ಗುಂಪುಗೂಡುವುದರಿಂದ ಅದಕ್ಕೆ ಕಾಲಮ್ನಾರಿಸ್ ಎಂಬ ಹೆಸರು ಬಂದಿದೆ. ಬೂಷ್ಟಿಗೆ ಕೊಡುವ ಔಷಧ ಇದಕ್ಕೆ ನಾಟದೆ ಹೋಗಬಹುದು, ಇದರದು ಅದಕ್ಕೆ ನಾಟದು. ಇನ್ನೊಂದು ಕಾಯಿಲೆಯಲ್ಲಿ, ಮೀನಿನ ಮೈಮೇಲೆ ಬಿಳಿಯ ಚುಕ್ಕೆಗಳೇಳುವುದರಲ್ಲಿ, ನೀರನ್ನು ಬೆಚ್ಚಗೆ ಮಾಡುವುದು ವಾಡಿಕೆ. ಇಲ್ಲಿ ಹಾಗೆ ಮಾಡಿದರೆ ರೋಗ ಮತ್ತಷ್ಟು ವೇಗವಾಗಿ ಹಬ್ಬುತ್ತದೆ. ಮರುಕವೊಂದೇ ಇದ್ದು ಅರಿವಿಲ್ಲದಿದ್ದರೆ ಎಷ್ಟು ಪ್ರಾಣಿಗಳು ನಮ್ಮ ಕೈಯಲ್ಲಿ ಸತ್ತಿವೆಯೋ!

ಪುಡಿಯ ಕೇಡು ಅಲ್ಲಿಗೂ ಮುಗಿಯದು. ಮೀನಿನ ಮಲದಿಂದ ಹುಟ್ಟುವ ಅಮೋನಿಯವೆಂಬ ವಿಷವನ್ನು ಮೊದಲು ನೈಟ್ರೈಟ್ ಆಗಿಯೂ ಬಳಿಕ ಅಷ್ಟು ಕೇಡಿಲ್ಲದ ನೈಟ್ರೇಟ್ ಆಗಿಯೂ ಮಾರ್ಪಡಿಸುವುವು ಬ್ಯಾಕ್ಟೀರಿಯಗಳೇ. ತೊಟ್ಟಿಗೆ ಸುರಿದ ಔಷಧ ಈ ಉಪಕಾರಿಗಳನ್ನೂ ಕೊಲ್ಲಬಹುದು. ಉಳಿದ ಐದು ಮೀನುಗಳು ಇರುವ ಲೋಕವನ್ನೇ ಒಂದರ ಸಲುವಾಗಿ ಕೆಡಿಸಿದಂತಾಗುತ್ತದೆ. ಇದಕ್ಕಿಂತ ದೂರ ಹೋಗುವ ಮಾತೊಂದಿದೆ. ಅಲೆಗ್ಸಾಂಡರ್ ಫ್ಲೆಮಿಂಗ್ 1945ರಲ್ಲಿ ನೊಬೆಲ್ ಪಾರಿತೋಷಕವನ್ನು ಪಡೆದ ಸಂದರ್ಭದ ಉಪನ್ಯಾಸದಲ್ಲಿ, ಗಂಟಲುನೋವಿಗೆ ಅರೆಬರೆಯಾಗಿ ಪೆನಿಸಿಲಿನ್ ತೆಗೆದುಕೊಂಡ ಕಲ್ಪಿತ ಗಂಡನೊಬ್ಬನ ಕಥೆಯನ್ನು ಹೇಳಿದನು. ಅವನ ಮೈಯಲ್ಲಿ ಔಷಧಕ್ಕೆ ಪಳಗಿದ ರೋಗಾಣು ಹೆಂಡತಿಗೆ ತಗುಲಿ, ಔಷಧ ಫಲಿಸದೆ ಅವಳು ಸಾಯುತ್ತಾಳೆ. ತೊಟ್ಟಿಯ ನೀರು ಚರಂಡಿಗೆ, ಚರಂಡಿಯ ನೀರು ಕೆರೆಗೆ. ನನ್ನ ಕಣ್ಣಮುಂದಿನ ಮೀನಿಗೆ ತೋರಿದ ದುಡುಕಿನ ದಯೆಯ ಬೆಲೆಯನ್ನು ನಾನೆಂದೂ ಕಾಣದ ಯಾರೋ ತೆರಬೇಕಾದೀತು.

ಹಾಗಾದರೆ ಆ ಯಾರೋ ಒಬ್ಬರಿಗಾಗಿ ಈ ಮೀನನ್ನು ಬಿಟ್ಟುಬಿಡತಕ್ಕದ್ದೆ? ಹಾಗೆನ್ನಲು ನನಗೆ ಮನಸ್ಸು ಬಾರದು. ಸಾಲಗಾರನು ನಾನಾಗಿರಲು, ಜಗತ್ತಿನ ಹಿತವನ್ನು ಮುಂದೊಡ್ಡಿ ತಪ್ಪಿಸಿಕೊಳ್ಳುವುದು ಬಲು ಸುಲಭವಾದ ಧರ್ಮ. ರೋಗವನ್ನು ಗುರುತಿಸಿ, ಬೇರೆ ಪಾತ್ರೆಯಲ್ಲಿ, ಅಳತೆ ತಪ್ಪದೆ, ಪೂರ್ತಿ ದಿನಗಳ ಕಾಲ ಔಷಧ ಕೊಟ್ಟು, ಆ ನೀರನ್ನು ಸಂಸ್ಕರಿಸಿದ ಇದ್ದಿಲಿನಲ್ಲಿ ಸೋಸಿ ಚೆಲ್ಲುವುದೆಂದು ನಿಶ್ಚಯಿಸಿದೆವು. ಅದರ ಪಕ್ಕದ ರೆಕ್ಕೆಗಳ ಮುಳ್ಳು ಬಲೆಗೆ ಸಿಕ್ಕಿಕೊಳ್ಳುವುದರಿಂದ ಲೋಟದಲ್ಲಿ ಎತ್ತಿ ಬೇರೆ ಪಾತ್ರೆಗೆ ಬಿಟ್ಟೆವು. ತೊಟ್ಟಿಯ ತಳವನ್ನು ತೊಳೆದು ನೀರಿನ ಮೂರನೆಯ ಒಂದು ಪಾಲನ್ನು ಬದಲಿಸಿದುದಾಯಿತು. ಮಿತ್ರರು ಬಿಳುಪನ್ನು ಸ್ವಲ್ಪ ಕೆರೆದುಕೊಂಡು ಹೋಗಿ ಸೂಕ್ಷ್ಮದರ್ಶಕದಲ್ಲಿ ನೋಡಿ, ಕಂಬಗಳನ್ನು ಕಂಡು, ತಕ್ಕ ಔಷಧವನ್ನು ಗೊತ್ತುಮಾಡಿ ತರಿಸುವ ವೇಳೆಗೆ ಎರಡು ದಿನಗಳು ಕಳೆದಿದ್ದುವು. ಔಷಧ ತೊಡಗಿದ ಮರುದಿನ ಬೆಳಿಗ್ಗೆ ಮೀನು ಸತ್ತಿದ್ದಿತು.

"ಅಪ್ಪ, ಆ ಪುಡಿಯನ್ನು ಅವತ್ತೇ ಹಾಕಿದ್ದರೆ ಬದುಕುತ್ತಿತ್ತೇ?" ಎಂದು ಮಗಳು ಕೇಳಿದಳು. ಬದುಕುತ್ತಿದ್ದರೂ ಬದುಕುತ್ತಿದ್ದೀತು. ನನ್ನ ಎಚ್ಚರಿಕೆಯ ಬೆಲೆಯನ್ನೂ ಆ ಮೀನೇ ತೆತ್ತಿತೆಂಬುದನ್ನು ನಾನು ಅಲ್ಲಗಳೆಯಲಾರೆ. ಅವಳಿಗೆ ಹಾಗೆಯೇ ಹೇಳಿದೆನು. ಉಳಿದ ಐದು ಮೀನುಗಳಿಗೆ ರೋಗ ಹತ್ತಲಿಲ್ಲ. ಆರನೆಯದನ್ನು ನಾವು ಇನ್ನೂ ತಂದಿಲ್ಲ.