ಜಯಾಪಜಯ ವಿವೇಚನೆ

ಗೆದ್ದವನು ಮಾಡಿದ್ದೆಲ್ಲವೂ ಸರಿ, ಸೋತವನು ಮಾಡಿದ್ದೆಲ್ಲವೂ ತಪ್ಪು ಎಂದು ತೀರ್ಪು ಕೊಡುವುದು ಲೋಕದ ರೂಢಿ. ಬೆಳೆ ಕೈಗೆ ಬಂದರೆ ರೈತನು ಜಾಣ. ಮಳೆ ಹೋದರೆ ಅದೇ ರೈತನು ಅವಿವೇಕಿ. ಹೀಗೆ ಕಾರ್ಯದ ಯುಕ್ತಾಯುಕ್ತತೆಯನ್ನು ಅದರ ಫಲವೊಂದರಿಂದಲೇ ನಿಶ್ಚಯಿಸಬಹುದೇ ಎಂಬುದು ವಿಚಾರಣೀಯವಾದ ವಿಷಯ. ಇದಕ್ಕೆ ನಿದರ್ಶನವಾಗಿ, 2020ರ ಜನವರಿಯಲ್ಲಿ ಅಮೆರಿಕದ ದೂರದರ್ಶನದಲ್ಲಿ ಪ್ರಸಾರವಾದ ಒಂದು ರಸಪ್ರಶ್ನೆ ಸ್ಪರ್ಧೆಯನ್ನು ಇಲ್ಲಿ ಆರಿಸಿಕೊಂಡಿದೆ.

ಆ ಕಾರ್ಯಕ್ರಮದ ಹೆಸರು ‘ಜೆಪರ್ಡಿ’. 1964ರಲ್ಲಿ ಮೊದಲು ಆರಂಭವಾದ ಅದು 1984ರಿಂದ ಇಂದಿನ ರೂಪದಲ್ಲಿ ನಡೆದುಬಂದಿದೆ. ನಿರೂಪಕನು ಸುಳಿವನ್ನು ಓದಿ ಮುಗಿಸಿದ ಮೇಲೆ ಮೂವರು ಸ್ಪರ್ಧಿಗಳಲ್ಲಿ ಮೊದಲು ಗುಂಡಿ ಒತ್ತಿದವನಿಗೆ ಉತ್ತರಿಸುವ ಅವಕಾಶ. ಉತ್ತರ ತಪ್ಪಿದರೆ ಇದ್ದ ಅಂಕಗಳೂ ಕಳೆಯುತ್ತವೆ. ಕೊನೆಯ ಸುಳಿವಿನ ಕ್ರಮ ಬೇರೆ. ವಿಷಯ ಯಾವುದೆಂಬುದನ್ನು ಮಾತ್ರ ತಿಳಿದು, ಸುಳಿವು ಕಾಣುವ ಮೊದಲೇ, ತನ್ನ ಅಂಕಗಳಲ್ಲಿ ಎಷ್ಟನ್ನು ಪಣವಾಗಿಡುವೆನೆಂದು ಪ್ರತಿಯೊಬ್ಬನೂ ಗುಟ್ಟಾಗಿ ಬರೆದಿಡಬೇಕು. ಉತ್ತರ ಸರಿಯಾದರೆ ಪಣದಷ್ಟು ಲಾಭ, ತಪ್ಪಾದರೆ ಅಷ್ಟೇ ನಷ್ಟ.

ಆ ವರ್ಷ ಹಿಂದಿನ ವಿಜೇತರಲ್ಲಿ ಅಗ್ರಗಣ್ಯರಾದ ಮೂವರನ್ನೇ ಮತ್ತೆ ಕರೆಸಿದ್ದರು. ಕೆನ್ ಜೆನ್ನಿಂಗ್ಸ್ ಅವರು 2004ರಲ್ಲಿ ಸತತವಾಗಿ 74 ಆಟಗಳನ್ನು ಗೆದ್ದವರು. ಜೇಮ್ಸ್ ಹೋಲ್ಜ್‌ಹೌರ್ ಅವರು 2019ರಲ್ಲಿ 32 ಆಟಗಳನ್ನು ಗೆದ್ದು, ಒಂದೇ ಆಟದಲ್ಲಿ 1,31,127 ಡಾಲರುಗಳನ್ನು ಗಳಿಸಿದವರು. ಬ್ರ್ಯಾಡ್ ರಟರ್ ಅವರು 2011ರಲ್ಲಿ ವಾಟ್ಸನ್ ಎಂಬ ಗಣಕಯಂತ್ರಕ್ಕೆ ಸೋತದ್ದುಂಟು; ಆದರೆ ಅಲ್ಲಿಯವರೆಗೆ ಯಾವ ಮನುಷ್ಯ ಪ್ರತಿಸ್ಪರ್ಧಿಗೂ ಪಂದ್ಯವನ್ನು ಬಿಟ್ಟುಕೊಟ್ಟವರಲ್ಲ. ಎರಡು ಆಟಗಳ ಮೊತ್ತ ಸೇರಿ ಒಂದು ಪಂದ್ಯ. ಮೊದಲು ಮೂರು ಪಂದ್ಯ ಗೆದ್ದವರಿಗೆ ಹತ್ತು ಲಕ್ಷ ಡಾಲರು. ಮೊದಲ ಪಂದ್ಯದಲ್ಲಿ ಜೆನ್ನಿಂಗ್ಸ್ 63,400, ಹೋಲ್ಜ್‌ಹೌರ್ 63,200. ವಿದ್ಯೆಯಲ್ಲಿ ಇಷ್ಟು ಸಮಾನರಾದವರ ನಡುವಿನ ಅಂತರ ಇನ್ನೂರು ಅಂಕಗಳು ಮಾತ್ರ!

ಜನವರಿ 14ರಂದು ಪ್ರಸಾರವಾದ ನಾಲ್ಕನೆಯ ಪಂದ್ಯದ ವೇಳೆಗೆ ಜೆನ್ನಿಂಗ್ಸ್ ಎರಡು, ಹೋಲ್ಜ್‌ಹೌರ್ ಒಂದು ಪಂದ್ಯ ಗೆದ್ದಿದ್ದರು. ಕೊನೆಯ ಸುಳಿವಿಗೆ ಮುನ್ನ ಎರಡೂ ಆಟಗಳು ಸೇರಿ ಜೆನ್ನಿಂಗ್ಸ್ ಅವರಿಗೆ 88,600 ಅಂಕಗಳು. ಹೋಲ್ಜ್‌ಹೌರ್ ಅವರಿಗೆ ಮೊದಲ ಆಟದ 34,181 ಮತ್ತು ಎರಡನೆಯ ಆಟದ 44,000, ಒಟ್ಟು 78,181. ವಿಷಯ, ಷೇಕ್ಸ್‌ಪಿಯರನ ದುರಂತ ನಾಟಕಗಳು. ಹೋಲ್ಜ್‌ಹೌರ್ 44,000 ಅಂಕಗಳನ್ನೂ ಪಣವಿಟ್ಟರು. ಜೆನ್ನಿಂಗ್ಸ್ ಸೊನ್ನೆಯನ್ನು ಬರೆದರು. ಶೀರ್ಷಿಕೆಯಲ್ಲಿ ಹೆಸರಿಲ್ಲದ ಪಾತ್ರಗಳಲ್ಲಿ ಅತಿ ಹೆಚ್ಚು ಬಾರಿ, ಎಂದರೆ 272 ಬಾರಿ, ಮಾತನಾಡುವವನು ಯಾರೆಂಬುದು ಪ್ರಶ್ನೆ. ಜೆನ್ನಿಂಗ್ಸ್ ಇಯಾಗೊ ಎಂದರು, ಅದೇ ಸರಿ. ಹೋಲ್ಜ್‌ಹೌರ್ ಹೊರೇಷಿಯೊ ಎಂದು ಬರೆದು ಆ ಆಟದ ಗಳಿಕೆಯನ್ನೆಲ್ಲ ಕಳೆದುಕೊಂಡರು. ಅಲ್ಲಿಗೆ ಸ್ಪರ್ಧೆ ಮುಗಿಯಿತು.

ಎಲ್ಲವನ್ನೂ ಪಣವಿಟ್ಟದ್ದು ದುಡುಕು, ಸೊನ್ನೆಯನ್ನು ಬರೆದದ್ದು ಜಾಣತನ ಎಂದು ಮೇಲುನೋಟಕ್ಕೆ ತೋರುತ್ತದೆ. ಆದರೆ ಲೆಕ್ಕ ಹಾಕಿ ನೋಡಬೇಕು. ಹೋಲ್ಜ್‌ಹೌರ್ ಅವರ ಉತ್ತರ ಸರಿಯಾಗಿದ್ದರೆ ಮೊತ್ತ 1,22,181 ಆಗುತ್ತಿತ್ತು. ಜೆನ್ನಿಂಗ್ಸ್ ಆ ಆಟದ ತಮ್ಮ 23,000 ಅಂಕಗಳನ್ನೂ ಪಣವಿಟ್ಟು ಸರಿಯುತ್ತರ ಕೊಟ್ಟರೂ 1,11,600ನ್ನು ದಾಟಲಾರರು. ಆದ್ದರಿಂದ ಮುಂದಿರುವವರಿಗೆ ಪಣದಿಂದ ಪ್ರಯೋಜನವಿಲ್ಲ. ಹಿಂದಿರುವವರಿಗೆ ಪಣವಿಲ್ಲದೆ ಗತಿಯಿಲ್ಲ. ಒಬ್ಬರು ಏನನ್ನೂ ಇಡಲಿಲ್ಲ, ಇನ್ನೊಬ್ಬರು ಇದ್ದುದೆಲ್ಲವನ್ನೂ ಇಟ್ಟರು. ಇಬ್ಬರ ನಿರ್ಧಾರವೂ ಯುಕ್ತವೇ. ಫಲ ಮಾತ್ರ ಬೇರೆಯಾಯಿತು.

ಇಲ್ಲಿ ಒಂದು ಆಕ್ಷೇಪ ಬರಬಹುದು. ಫಲವು ಪ್ರಮಾಣವಲ್ಲವೆಂದರೆ ತಪ್ಪು ಮಾಡಿದವರೆಲ್ಲರೂ ನಿರ್ಧಾರವು ಸರಿಯಾಗಿಯೇ ಇತ್ತೆಂದು ಹೇಳಿ ತಪ್ಪಿಸಿಕೊಳ್ಳಲಾರರೇ? ಸಮಾಧಾನವೇನೆಂದರೆ, ತಪ್ಪನ್ನು ಅದು ಇರುವ ಸ್ಥಾನದಲ್ಲಿಯೇ ಗುರುತಿಸಬೇಕು. ಹೊರೇಷಿಯೊ ಎಂಬ ಉತ್ತರ ತಪ್ಪೇ ಹೌದು. ಆದರೆ ಆ ತಪ್ಪು ಅದಕ್ಕಿಂತ ಮೊದಲೇ ಬರೆದಿಟ್ಟ ಪಣಕ್ಕೆ ಅಂಟುವುದಿಲ್ಲ. ನಿರ್ಧಾರವನ್ನು ತೂಗಲು ಕೇಳಬೇಕಾದ ಪ್ರಶ್ನೆಗಳು ಬೇರೆ. ಆ ಕ್ಷಣದಲ್ಲಿ ತಿಳಿಯಬಹುದಾದುದನ್ನು ತಿಳಿದುಕೊಂಡನೇ? ತಿಳಿದುದನ್ನು ಪಕ್ಷಪಾತವಿಲ್ಲದೆ ತೂಗಿದನೇ? ಈ ಪರೀಕ್ಷೆ ಫಲದ ಪರೀಕ್ಷೆಗಿಂತ ಕಠಿಣವಾದುದು. ಏಕೆಂದರೆ ಅಜಾಗರೂಕತೆಯಿಂದ ನಡೆದೂ ಗೆದ್ದವನನ್ನು ಅದು ಬಿಡುವುದಿಲ್ಲ.

ತತ್ತ್ವನಿರ್ಣಯಕ್ಕಾಗಿ ನಡೆಯುವುದು ವಾದ, ಗೆಲುವಿಗಾಗಿ ನಡೆಯುವುದು ಜಲ್ಪ ಎಂದು ನಮ್ಮ ತಾರ್ಕಿಕರು ವಿಂಗಡಿಸಿದ್ದಾರೆ. ರಸಪ್ರಶ್ನೆಯ ಸ್ಪರ್ಧೆ ಎರಡನೆಯದಕ್ಕೇ ಹತ್ತಿರವಾದುದು. ಆದರೂ ಜೆನ್ನಿಂಗ್ಸ್ ಬರೆದ ಉತ್ತರವನ್ನು ಗಮನಿಸಬೇಕು. ಪಣವೇ ಇಲ್ಲದಿದ್ದುದರಿಂದ ಅದು ಒಂದು ಅಂಕವನ್ನೂ ತರಲಿಲ್ಲ; ಆದರೂ ಅದು ಸತ್ಯವಾಗಿಯೇ ಇತ್ತು. ಹಾಗೆಯೇ ರಟರ್ ಅವರು ಒಂದು ಪಂದ್ಯವನ್ನೂ ಗೆಲ್ಲಲಿಲ್ಲ. ಅದರಿಂದ ಅವರು ಇಪ್ಪತ್ತು ವರ್ಷಗಳಲ್ಲಿ ಕಲಿತದ್ದು ಯಾವುದೂ ಸುಳ್ಳಾಗಲಿಲ್ಲ.

ದೂರದೇಶದ ಆಟದ ಲೆಕ್ಕ ನಮಗೇತಕ್ಕೆ ಎನ್ನಬಾರದು. ವೈದ್ಯರ ಮಾತು ಕೇಳಿ, ನಾಲ್ವರಲ್ಲಿ ವಿಚಾರಿಸಿ, ವೃದ್ಧ ತಂದೆಗೆ ಶಸ್ತ್ರಚಿಕಿತ್ಸೆ ಮಾಡಿಸಲು ಒಪ್ಪಿದ ಮಕ್ಕಳು, ಅವರು ಉಳಿಯದೆ ಹೋದಾಗ ‘ನಾವೇ ಕೊಂದೆವು’ ಎಂದು ವರ್ಷಗಟ್ಟಲೆ ಕೊರಗುವುದುಂಟು. ಬಂಧುಗಳೂ ಹಾಗೆಯೇ ಆಡುವುದುಂಟು. ಅಂಥ ಮನೆಗೆ ಹೋದಾಗ ಫಲವನ್ನು ಎತ್ತಿ ಆಡದೆ, ‘ಅಂದು ನಿಮಗೆ ತಿಳಿದಿದ್ದಷ್ಟರಲ್ಲಿ ಸರಿಯಾದುದನ್ನೇ ಮಾಡಿದಿರಿ’ ಎಂಬ ಒಂದು ಮಾತನ್ನು ಹೇಳುವುದು ವಿವೇಕಿಗಳಾದ ನಮ್ಮೆಲ್ಲರ ಕರ್ತವ್ಯವಾಗಿದೆ. ಅದು ಬರಿಯ ಸಾಂತ್ವನವಲ್ಲ, ಯಥಾರ್ಥವಾದ ಮಾತು.