ಹಸಿವಿಲ್ಲದ ಉಪವಾಸ ವ್ರತವೇ?

ಹಾರ್ಮೋನ್ ಚುಚ್ಚುಮದ್ದು ತೆಗೆದುಕೊಂಡು ದಿನಕ್ಕೆ 500 ಕ್ಯಾಲೊರಿಯಷ್ಟೇ ಉಣ್ಣುವ ಪಥ್ಯವನ್ನು 1954ರಲ್ಲಿ ಪ್ರಚುರಪಡಿಸಿದವರು ರೋಮ್‌ನ ವೈದ್ಯ ಎ.ಟಿ.ಡಬ್ಲ್ಯು. ಸಿಮಿಯನ್ಸ್. ಅದಕ್ಕೂ ಮೊದಲು ಅವರು ಭಾರತದಲ್ಲಿ ಹಲವು ವರ್ಷ ಕೆಲಸ ಮಾಡಿದ್ದರು. ಗರ್ಭಿಣಿಯರ ಮೂತ್ರದಿಂದ ಬೇರ್ಪಡಿಸಿದ ಎಚ್‌ಸಿಜಿ ಹಾರ್ಮೋನನ್ನು ದಿನಕ್ಕೆ 125 ಯೂನಿಟ್‌ನಂತೆ ಕೊಟ್ಟರೆ ಕೊಬ್ಬು ಕರಗುತ್ತದೆ, ಹಸಿವೂ ಕಾಡುವುದಿಲ್ಲ ಎಂಬುದು ಅವರ ವಾದ. ಆದರೆ ಪ್ರಯೋಗಗಳಲ್ಲಿ ಹಾರ್ಮೋನೇ ಇಲ್ಲದ ಚುಚ್ಚುಮದ್ದು ಪಡೆದು ಅಷ್ಟೇ ಉಂಡವರ ತೂಕವೂ ಹಾಗೆಯೇ ಇಳಿಯಿತು. 24 ಅಧ್ಯಯನಗಳನ್ನು ಒಟ್ಟಿಗಿಟ್ಟು ನೋಡಿದ 1995ರ ವಿಮರ್ಶೆ, ತೂಕ ಇಳಿಸುವಲ್ಲಿ ಎಚ್‌ಸಿಜಿಯ ಪಾತ್ರವಿಲ್ಲವೆಂದು ತೀರ್ಮಾನಿಸಿತು. ಕೆಲಸ ಮಾಡಿದ್ದು ಅರೆಹೊಟ್ಟೆ, ಹೆಸರು ಬಂದದ್ದು ಹಾರ್ಮೋನಿಗೆ.

ಅರೆಹೊಟ್ಟೆ ಭಾರತದ ಧರ್ಮಗಳಿಗೆ ಹೊಸದಲ್ಲ. ಜೈನರ ತತ್ತ್ವಾರ್ಥಸೂತ್ರ ಹೇಳುವ ಬಾಹ್ಯ ತಪಸ್ಸುಗಳಲ್ಲಿ ಅನಶನ, ಅಂದರೆ ಉಪವಾಸ, ಮೊದಲನೆಯದು, ಹಸಿವಿಗಿಂತ ಕಡಿಮೆ ಉಣ್ಣುವ ಅವಮೌದರ್ಯ ಎರಡನೆಯದು. ಪುರುಷನ ಪೂರ್ಣಾಹಾರ 32 ತುತ್ತು ಎಂದಿಟ್ಟುಕೊಂಡು, ಒಂದು ತುತ್ತು ಬಿಟ್ಟರೂ ಅದು ತಪಸ್ಸೇ ಎನ್ನುತ್ತದೆ ಜೈನ ಸಂಪ್ರದಾಯ. ಮಾಧ್ವರಲ್ಲಿ ಏಕಾದಶಿಯಂದು ನೀರನ್ನೂ ಮುಟ್ಟದವರಿದ್ದಾರೆ. ಇಲ್ಲೆಲ್ಲ ಹಸಿವು ತಿಳಿದಿರಬೇಕು. ಹಸಿದವನು ಎಚ್ಚರದಿಂದ, ಸಂಕಲ್ಪದಿಂದ ಅನ್ನವನ್ನು ಬದಿಗಿಡುತ್ತಾನೆ. ಹಸಿವೇ ಇಲ್ಲದವನಿಗೆ ಬಿಡುವುದಕ್ಕೆ ಏನೂ ಇರುವುದಿಲ್ಲ.

ಭಗವದ್ಗೀತೆಯ 2ನೇ ಅಧ್ಯಾಯ ಇನ್ನೂ ಆಳಕ್ಕಿಳಿಯುತ್ತದೆ. ಆಹಾರ ಬಿಟ್ಟವನಿಂದ ವಿಷಯಗಳು ದೂರವಾದರೂ ಅವುಗಳ ರುಚಿ ಒಳಗೇ ಉಳಿಯುತ್ತದೆ, ಪರತತ್ತ್ವವನ್ನು ಕಂಡಾಗ ಮಾತ್ರ ಅದೂ ಅಳಿಯುತ್ತದೆ ಎಂಬುದು ಅದರ ಮಾತು. ಈ ಮಾತಿನ ಬೆಳಕಿನಲ್ಲಿ ನೋಡಬೇಕಾದದ್ದು ತೂಕ ಇಳಿಸುವ ಸೆಮಾಗ್ಲುಟೈಡ್‌ನಂಥ ಇಂದಿನ ಔಷಧಗಳನ್ನು. ಕರುಳಿನ ಹಾರ್ಮೋನೊಂದನ್ನು ಹೋಲುವ ಇವು ಮಿದುಳಿನ ಮೇಲೆ ಕೆಲಸ ಮಾಡಿ ಹಸಿವನ್ನು ನಿಜವಾಗಿಯೂ ತಗ್ಗಿಸುತ್ತವೆ. ಅನೇಕರಿಗೆ ತಿನ್ನುವ ಯೋಚನೆಯೇ ಬಾರದಂತಾಗುತ್ತದೆ. ಆದರೆ ಔಷಧ ನಿಲ್ಲಿಸಿದ ಒಂದು ವರ್ಷದೊಳಗೆ, ಇಳಿದ ತೂಕದ ಸುಮಾರು ಮೂರನೇ ಎರಡು ಭಾಗ ಮರಳಿದ್ದನ್ನು ಪ್ರಯೋಗಗಳು ಕಂಡಿವೆ. ರುಚಿ ಅಳಿದಿರಲಿಲ್ಲ, ಸುಮ್ಮನಿತ್ತು.

ಹಾಗೆಂದು ಔಷಧ ತೆಗೆದುಕೊಂಡವರನ್ನು ಸಂಯಮವಿಲ್ಲದವರೆಂದು ಹಳಿಯುವುದು ಅನ್ಯಾಯ. ಬೊಜ್ಜು ಬಹುಪಾಲು ಜನರಲ್ಲಿ ಅನುವಂಶೀಯತೆ, ಹಾರ್ಮೋನು, ಪರಿಸರಗಳು ಕೂಡಿ ತಂದ ಕಾಯಿಲೆ. ಕಾಯಿಲೆಗೆ ಮದ್ದು ಕುಡಿಯುವುದು ಧರ್ಮಕ್ಕೆ ವಿರುದ್ಧವಲ್ಲ. ರೋಗಿಗಳಿಗೆ, ಗರ್ಭಿಣಿಯರಿಗೆ ವ್ರತಗಳೇ ವಿನಾಯಿತಿ ಕೊಡುತ್ತವೆ. ಮದ್ದು ವ್ರತವಾಗುವುದಿಲ್ಲ, ಆಗಬೇಕಾಗಿಯೂ ಇಲ್ಲ.

ಖಂಡಿಸಬೇಕಾದದ್ದು ಕೊಬ್ಬು ಕರಗಿಸುವ ಆಸೆಗೆ ತಪಸ್ಸಿನ ಹೆಸರಿಡುವುದನ್ನು, ಹಾರ್ಮೋನು ಮಾಡದ ಕೆಲಸವನ್ನು ಮಾಡಿತೆಂದು ಹೇಳಿ ಹಸಿದವರಿಂದ ಹಣ ಪಡೆಯುವುದನ್ನು. ದಿನಕ್ಕೆ 800 ಕ್ಯಾಲೊರಿಗಿಂತ ಕಡಿಮೆ ಉಣ್ಣುವ ಪಥ್ಯದಿಂದ ಪಿತ್ತಕೋಶದಲ್ಲಿ ಕಲ್ಲು ಕಟ್ಟಬಹುದು, ಸ್ನಾಯು ಕರಗಬಹುದು, ರಕ್ತದ ಲವಣಗಳು ಏರುಪೇರಾಗಬಹುದು. ಅಂಥ ಪಥ್ಯವನ್ನು ವೈದ್ಯರ ನಿಗಾ ಇಲ್ಲದೆ ಯಾರೂ ಕೈಗೊಳ್ಳಬಾರದು.